ವಿದ್ಯಾರ್ಥಿಯ ದಿನಚರಿ ಮತ್ತು ಕೈಯಲ್ಲಿರುವ ಮೊಬೈಲು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ಓದೋಕೆ ಟೈಮೇ ಸಿಗಲ್ಲ ಸರ್." ನಮ್ಮಲ್ಲಿ ಓದಿ ಈಗ ಮೈಸೂರಿನ ಕಾಲೇಜುಗಳಿಗೆ ಹೋಗುತ್ತಿರುವ ಮಕ್ಕಳು ಬಸ್ ನಿಲ್ದಾಣದಲ್ಲಿ ಸಿಕ್ಕಾಗಲೆಲ್ಲ ಹೇಳುವ ಮಾತಿದು. ಇದು ನೆಪವೆಂದು ನಾನು ಹೇಳುವುದಿಲ್ಲ. ಆದರೆ ಒಮ್ಮೆ ಲೆಕ್ಕ ಹಾಕಿ ನೋಡೋಣ.

ವಾರಕ್ಕೆ 168 ಗಂಟೆ. ದಿನಕ್ಕೆ 7 ಗಂಟೆಯಂತೆ ನಿದ್ರೆಗೆ 49. ಕಾಲೇಜಿಗೆ ಆರು ದಿನ, ಆರಾರು ಗಂಟೆಯಂತೆ 36. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿ.ಮೀ. ಬಸ್ಸಿಗೆ ಕಾಯುವುದೂ ಸೇರಿ ಹೋಗಿ ಬರಲು ದಿನಕ್ಕೆ 4 ಗಂಟೆ ಎಂದರೆ ವಾರಕ್ಕೆ 24. ಸ್ನಾನ, ಊಟ, ನಮಾಜ್, ಮನೆಗೆಲಸಕ್ಕೆ ದಿನಕ್ಕೆ 4 ಗಂಟೆಯಂತೆ 28. ಎಲ್ಲ ಕಳೆದರೂ 31 ಗಂಟೆ ಉಳಿಯಿತು!

ಈ 31 ಗಂಟೆ ಎಲ್ಲಿ ಹೋಯಿತೆಂದು ನಿಮ್ಮ ಮೊಬೈಲನ್ನೇ ಕೇಳಿ. 2018ರಿಂದೀಚೆಗೆ ಆಂಡ್ರಾಯ್ಡ್ ಫೋನುಗಳಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್', ಐಫೋನಿನಲ್ಲಿ 'ಸ್ಕ್ರೀನ್ ಟೈಮ್' ಎಂಬ ಸೌಲಭ್ಯ ಬಂದಿದೆ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ ಎಂಬುದನ್ನು ಅದು ನಿಮಿಷ ಸಮೇತ ತೋರಿಸುತ್ತದೆ. ನನ್ನದನ್ನು ಮೊದಲ ಸಲ ನೋಡಿದ ದಿನ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವ ಧೈರ್ಯ ಸ್ವಲ್ಪ ಕುಗ್ಗಿತು.

ಬಿ.ಎಡ್. ಓದುವಾಗ 40 ನಿಮಿಷದ ಪಾಠಕ್ಕೆ ಪುಟಗಟ್ಟಲೆ ಪಾಠಯೋಜನೆ ಬರೆಯುತ್ತಿದ್ದೆವು. ಪೀಠಿಕೆಗೆ ಇಷ್ಟು ನಿಮಿಷ, ಮೌಲ್ಯಮಾಪನಕ್ಕೆ ಇಷ್ಟು ನಿಮಿಷ. ಪಾಠ ಮುಗಿಸಿ ಮನೆಗೆ ಬಂದರೆ ಇಡೀ ಸಂಜೆಗೆ ಯಾವ ಯೋಜನೆಯೂ ಇರುತ್ತಿರಲಿಲ್ಲ. ಅಸೈನ್‌ಮೆಂಟ್ ಕೊಡಬೇಕಾದ ಹಿಂದಿನ ರಾತ್ರಿ ಎದ್ದು ಕೂತು ಬರೆದದ್ದೇ ಹೆಚ್ಚು.

ಈಗಿನ ಮಕ್ಕಳಿಗೆ ನನಗಿಲ್ಲದ ಅನುಕೂಲವಿದೆ. ಫೋನಿನ ಕ್ಯಾಲೆಂಡರಿನಲ್ಲಿ ಇಂಟರ್ನಲ್ ಪರೀಕ್ಷೆ, ಶುಲ್ಕದ ಕೊನೆಯ ದಿನ, ಸ್ಕಾಲರ್‌ಶಿಪ್ ಅರ್ಜಿಯ ದಿನಾಂಕ ಬರೆದಿಟ್ಟರೆ ಮೂರು ದಿನ ಮೊದಲೇ ಎಚ್ಚರಿಸುತ್ತದೆ. ಮನಸ್ಸು ನಿಲ್ಲದವರಿಗೆ 'ಪೊಮೊಡೊರೊ' ಎಂಬ ಕ್ರಮವಿದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ವಿದ್ಯಾರ್ಥಿ ಟೊಮೇಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಓದಲು ಶುರು ಮಾಡಿದ. 25 ನಿಮಿಷ ಓದು, 5 ನಿಮಿಷ ವಿರಾಮ, ಅಷ್ಟೇ. ಅವರ ಭಾಷೆಯಲ್ಲಿ ಪೊಮೊಡೊರೊ ಎಂದರೆ ಟೊಮೇಟೊ. ಇದಕ್ಕೆ ಉಚಿತ ಆ್ಯಪ್‌ಗಳಿವೆ; ಫೋನಿನ ಅಲಾರಂ ಕೂಡ ಸಾಕು. ಬಸ್ಸಿನಲ್ಲಿ ನಿಂತು ಹೋಗುವವರು ಪುಸ್ತಕ ತೆರೆಯಲಾರರು, ಆದರೆ ಕೇಳಬಲ್ಲರು. ರಾತ್ರಿಯೇ ಪಾಠವನ್ನು ಡೌನ್‌ಲೋಡ್ ಮಾಡಿಕೊಂಡರೆ ನಂಜನಗೂಡು ಬರುವಷ್ಟರಲ್ಲಿ ಒಂದು ಪಾಠ ಕೇಳಿ ಮುಗಿಸಬಹುದು.

ಇನ್ನು ರಾತ್ರಿಯ ವಿಷಯ. ನಮ್ಮೂರಿನಿಂದ ಮುಂದೆ ಬಂಡೀಪುರದ ರಸ್ತೆ ನಿಮಗೆಲ್ಲ ಗೊತ್ತು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡುವುದಿಲ್ಲ. ಆಂಬುಲೆನ್ಸ್ ಹೋಗುತ್ತದೆ, ಬೆರಳೆಣಿಕೆಯ ಬಸ್ಸುಗಳು ಹೋಗುತ್ತವೆ. ಕಾಡಿನ ಪ್ರಾಣಿಗಳಿಗೆ ರಾತ್ರಿ ಬೇಕೆಂದು ಸರ್ಕಾರ, ನ್ಯಾಯಾಲಯ ಎಲ್ಲರೂ ಒಪ್ಪಿದ್ದಾರೆ. ಬೆಳಿಗ್ಗೆ ಬೇಗನೆ ಎದ್ದು ಬಸ್ಸು ಹಿಡಿಯಬೇಕಾದ ನಮ್ಮ ಮಕ್ಕಳಿಗೂ ರಾತ್ರಿ ಬೇಕಲ್ಲವೇ? ಫೋನಿನಲ್ಲಿ 'ಡೂ ನಾಟ್ ಡಿಸ್ಟರ್ಬ್' ಹಾಕಿದರೆ ಅದೂ ಒಂದು ಗೇಟಿನಂತೆಯೇ. ಅಬ್ಬಾ, ಅಮ್ಮಿಯ ಕರೆಗೆ ಮಾತ್ರ ದಾರಿ ಬಿಡುವಂತೆ ಮಾಡಬಹುದು.

ಈಗ ಹಿರಿಯರಿಗೆ ಒಂದು ಮಾತು. ತಪ್ಪು ತಿಳಿಯಬೇಡಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ಉಳಿಯಿತು. ಸಮಯ ಉಳಿಯಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಂದ್ರ ಸರ್ಕಾರದ 'ಸ್ವಯಂ' ತಾಣದಲ್ಲಿ ಒಂದು ಕೋರ್ಸಿಗೆ ಸೇರಿದಳು. 2017ರಲ್ಲಿ ಶುರುವಾದ ಈ ತಾಣದಲ್ಲಿ ಪಾಠ ಉಚಿತ, ಆದರೆ ಅಸೈನ್‌ಮೆಂಟುಗಳಿಗೆ ಗಡುವು ಇರುತ್ತದೆ. ಸಂಜೆ ಮನೆಗೆ ಬಂದು ಫೋನ್ ತೆರೆದರೆ "ಮತ್ತೆ ಮೊಬೈಲ್ ಹಿಡಿದಳು" ಎಂದು ತಂದೆಗೆ ಕೋಪ. ರೊಟ್ಟಿಗೆ ಕೂರು, ಪಾತ್ರೆ ತೊಳಿ ಎಂದು ತಾಯಿಯ ಕೂಗು. ನಾಲ್ಕು ಅಸೈನ್‌ಮೆಂಟ್ ತಪ್ಪಿದ ಮೇಲೆ ಕೋರ್ಸನ್ನೇ ಬಿಟ್ಟಳು. ನಾನು ಮೊದಲು ಹಾಕಿದ 31 ಗಂಟೆಯ ಲೆಕ್ಕ ಅವಳಿಗೆ ಹೊಂದುವುದಿಲ್ಲ ಎಂದು ಆಗ ನನಗೆ ತಿಳಿಯಿತು. ಅದು ಗಂಡುಮಕ್ಕಳ ಲೆಕ್ಕವಾಗಿತ್ತು.

ರಂಜಾನ್ ಬಂದರೆ ನಮ್ಮ ಪ್ರತಿ ಮನೆಯಲ್ಲೂ ಸಹರಿ, ಇಫ್ತಾರಿನ ಪಟ್ಟಿ ಗೋಡೆಗೇರುತ್ತದೆ. ಒಂದು ನಿಮಿಷ ಆಚೀಚೆ ಆಗದು. ಮೂವತ್ತು ದಿನ ಅದು ನಡೆಯುವುದು ಒಬ್ಬರ ಶಿಸ್ತಿನಿಂದಲ್ಲ, ಮನೆಯವರೆಲ್ಲರೂ ಅದೇ ಪಟ್ಟಿಯನ್ನು ನೋಡುವುದರಿಂದ.

ಆ ಹುಡುಗಿಗೆ ನಾನು ಹೇಳಿದ್ದೂ ಅಷ್ಟೇ. ನಿನ್ನ ವೇಳಾಪಟ್ಟಿ ಫೋನಿನೊಳಗೆ ಮಾತ್ರ ಇದ್ದರೆ ಮನೆಯವರಿಗೆ ಕಾಣುವುದಿಲ್ಲ, ಉರ್ದುವಿನಲ್ಲೂ ಕನ್ನಡದಲ್ಲೂ ಕಾಗದದ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸು ಎಂದೆ. ಅಂಟಿಸಿದಳು. ಮುಂದಿನ ಅವಧಿಗೆ ಮತ್ತೆ ಕೋರ್ಸಿಗೆ ಸೇರಿದ್ದಾಳೆ. ಪಟ್ಟಿಯಲ್ಲಿ ರಾತ್ರಿ 8ರಿಂದ 9 ಅವಳ ಓದಿನ ಹೊತ್ತು. ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವವನು ಪಿಯುಸಿ ಓದುವ ಅವಳ ತಮ್ಮ. ಮೊದಲ ವಾರ ಎರಡು ಗಾಜಿನ ಲೋಟ ಒಡೆದನಂತೆ.