ಅಲೆ ಎಣಿಸೋ ಮುಂಚೆ ನಷ್ಟ ಎಣಿಸಿ

ವಾಡಿ, ಸೇಡಂ, ಚಿಂಚೋಳಿ ಅಂದ್ರೆ ಸಿಮೆಂಟು. ಶಹಾಬಾದ್, ಚಿತ್ತಾಪುರ ಅಂದ್ರೆ ಕಲ್ಲು. ಸುತ್ತಲೂ ತೊಗರಿ ಹೊಲ. ಕಾರ್ಖಾನೆ ಸಂಬಳವೋ ತೊಗರಿ ದುಡ್ಡೋ ಕೈಗೆ ಬಂದ ಈ ಊರುಗಳ ಹುಡುಗರೂ ಈಗ ಮೊಬೈಲಿನಲ್ಲಿ ಷೇರು ಚಾರ್ಟ್ ನೋಡ್ತಾರೆ. ಅವರ ಪ್ರಶ್ನೆ ಒಂದೇ: 'ಸರ್, ಎಲಿಯಟ್ ವೇವ್ ನೋಡಿ ಎಂಟ್ರಿ ತಗೋಬಹುದಾ?'

ರಾಲ್ಫ್ ನೆಲ್ಸನ್ ಎಲಿಯಟ್ ಅಮೆರಿಕದವರು, ರೈಲ್ವೆ ಕಂಪನಿಗಳ ಲೆಕ್ಕಪತ್ರ ನೋಡಿದವರು. 1938ರಲ್ಲಿ ಅವರ ಸಿದ್ಧಾಂತ ಪುಸ್ತಕವಾಗಿ ಬಂತು. ಬೆಲೆ ಐದು ಅಲೆಗಳಲ್ಲಿ ಏರುತ್ತೆ, ಮೂರು ಅಲೆಗಳಲ್ಲಿ ಇಳಿಯುತ್ತೆ ಅನ್ನೋದು ಅವರ ವಾದ.

ನಾನು ಎಂಜಿನಿಯರಿಂಗ್ ಓದಿದವನು. ಅಲ್ಲಿ ಅಲೆಗೆ ಫ್ರೀಕ್ವೆನ್ಸಿ ಇರುತ್ತೆ, ಮುಂದಿನ ಶಿಖರ ಯಾವಾಗ ಅಂತ ಲೆಕ್ಕ ಹಾಕಬಹುದು. ಮಾರುಕಟ್ಟೆಯ ಅಲೆಗೆ ಆ ನಿಯತ್ತಿಲ್ಲ. ಒಂದೇ ಚಾರ್ಟನ್ನು ಇಬ್ಬರು ಎರಡು ರೀತಿ ಎಣಿಸ್ತಾರೆ. ಅಲೆ ಮುಗಿದ ಮೇಲೆ ಎಲ್ಲರ ಎಣಿಕೆಯೂ ಸರಿ!

ಹಾಗಾದ್ರೆ ಉಪಯೋಗವೇ ಇಲ್ವಾ? ಒಂದಿದೆ. ನಮ್ಮ ಎಣಿಕೆ ಎಲ್ಲಿ ತಪ್ಪುತ್ತೆ ಅಂತ ಅದು ಮೊದಲೇ ಹೇಳುತ್ತೆ. ಷೇರು 100 ರೂಪಾಯಿಯಿಂದ 120ಕ್ಕೆ ಏರಿತು ಅಂದುಕೊಳ್ಳಿ. ಅದು ಮೊದಲ ಅಲೆ. ಎರಡನೇ ಅಲೆಯಲ್ಲಿ 108ರ ಹತ್ತಿರಕ್ಕೆ, ಅಂದ್ರೆ ಏರಿದ್ದರಲ್ಲಿ ಸುಮಾರು 61.8 ಶೇಕಡಾ ಇಳಿದಾಗ ಹಲವರು ಕೊಳ್ಳುತ್ತಾರೆ. ಮೂರನೇ ಅಲೆ ಹಿಡಿಯೋ ಆಸೆ. ಆದ್ರೆ ನಿಯಮ ಏನು? ಎರಡನೇ ಅಲೆ 100ರ ಕೆಳಗೆ ಹೋಗಬಾರದು. ಹೋಯ್ತಾ, ಎಣಿಕೆ ತಪ್ಪು, ಹೊರಗೆ ಬನ್ನಿ. ಷೇರಿಗೆ 8 ರೂಪಾಯಿ ನಷ್ಟ. ನೀವು ತಡೆದುಕೊಳ್ಳಬಲ್ಲದ್ದು 800 ರೂಪಾಯಿ ಅಂದ್ರೆ ನೂರೇ ಷೇರು, ನೂರಾ ಒಂದಲ್ಲ.

ತೊಗರಿ ಬಿತ್ತುವ ರೈತನಿಗೆ ಇದು ಹೊಸದಲ್ಲ. ಮೊದಲ ಮಳೆಗೇ ಮನೆಯ ಬೀಜವೆಲ್ಲ ಹೊಲಕ್ಕೆ ಸುರಿಯುವುದಿಲ್ಲ ಅವನು.

ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಲೆಕ್ಕ ಕೊಟ್ಟಿದೆ. ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಬಿಡಿ ವ್ಯಾಪಾರಿಗಳಲ್ಲಿ 93 ಶೇಕಡಾ ಜನ ಕಳೆದುಕೊಂಡವರೇ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅವರಲ್ಲೂ ಚಾರ್ಟ್ ಓದಿದವರು ಇದ್ದೇ ಇರ್ತಾರೆ.

ಆದ್ದರಿಂದ ತಮ್ಮಂದಿರೇ, ಎಂಟ್ರಿ ಯಾವಾಗ ಅಂತ ಕೇಳೋ ಮುಂಚೆ ಎಕ್ಸಿಟ್ ಎಲ್ಲಿ ಅಂತ ಬರೆದಿಡಿ. ಬರೆಯೋಕೆ ಆಗದಿದ್ರೆ ಆ ದಿನ ಮೊಬೈಲ್ ಕೆಳಗಿಡಿ. ಸಂಬಳ ಮನೆಗೆ ತಲುಪಲಿ.