ವ್ಯಾಧಿಗ್ರಸ್ತ ನಾಯಕ

ಕಾವೇರಿಯ ದಡದ ಕೊಣನೂರಿನಲ್ಲಿ, ನಮ್ಮ ಹಳೆಯ ಮನೆಯ ಜಗಲಿಯಲ್ಲಿ, ಕಾಲೇಜು ಓದುವ ಮೊಮ್ಮಗ ಈ ಬೇಸಗೆಯ ರಜೆಯಲ್ಲಿ ಒಂದು ವಿಡಿಯೋ ಆಟದಲ್ಲಿ ಮುಳುಗಿದ್ದ. 2018ರಲ್ಲಿ ಹೊರಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಅದರ ಹೆಸರು. ನಾಯಕ ಆರ್ಥರ್ ಮಾರ್ಗನ್, 1899ರ ಅಮೆರಿಕದ ದರೋಡೆಕೋರ. ಸಾಲ ವಸೂಲಿಗೆ ಹೋಗಿ ರೋಗಿಯೊಬ್ಬನನ್ನು ಥಳಿಸುವಾಗ ಆತನ ಕ್ಷಯ ಇವನಿಗೂ ಅಂಟುತ್ತದೆ. ಮೊಮ್ಮಗ ಊರೂರು ತಿರುಗಿ ಔಷಧ ಅರಸಿದ, ಸಿಗಲಿಲ್ಲ. ಕ್ಷಯವನ್ನು ಮಣಿಸಿದ ಸ್ಟ್ರೆಪ್ಟೊಮೈಸಿನ್ ಕಂಡುಬಂದದ್ದೇ 1943ರಲ್ಲಿ.

“ಸಾಯುವುದೇ ನಿಶ್ಚಯವಾದರೆ ಆಡುವುದೇಕೆ, ತಾತ?” ಎಂದ.

ನನಗೆ ನಳ ನೆನಪಾದ. ಕಾಲು ತೊಳೆಯದೆ ಸಂಧ್ಯಾವಂದನೆಗೆ ಕುಳಿತ ಒಂದು ಅಲಕ್ಷ್ಯದ ಗಳಿಗೆ ಸಾಕಾಯಿತು. ಕಲಿ ಅವನ ಮೈಹೊಕ್ಕು ಪರೋಪಜೀವಿಯಂತೆ ನೆಲೆಸಿದ. ಕಾಡ್ಗಿಚ್ಚಿನಿಂದ ನಳನು ಉಳಿಸಿದ ಕಾರ್ಕೋಟಕನೇ ಅವನನ್ನು ಕಚ್ಚಿ ಕುರೂಪಗೊಳಿಸಿದ. ಆದರೆ ಆ ವಿಷ ಸುಟ್ಟದ್ದು ಒಳಗಿನ ಕಲಿಯನ್ನು. ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿ ದುಡಿದ ಆ ಕುರೂಪಿ, ಜೂಜಾಡಿದ ಅರಸನಿಗಿಂತ ನನಗೆ ದೊಡ್ಡವನಾಗಿ ಕಾಣುತ್ತಾನೆ. ಆರ್ಥರನೂ ಹಾಗೆಯೇ: ಕೆಮ್ಮು ಹತ್ತಿದ ಮೇಲೆ, ತಾನು ಥಳಿಸಿದವನ ವಿಧವೆಗೂ ಮಗನಿಗೂ ನೆರವಾಗಬಲ್ಲ.

ಇದನ್ನು ಹೇಳುತ್ತಿದ್ದಂತೆ ನನ್ನ ಮಾತು ತಡೆಯಿತು. ಇದೇ ಮನೆಯ ಹಿತ್ತಿಲ ಕೋಣೆಯಲ್ಲಿ, 1964ರಲ್ಲಿ, ನನ್ನ ತಂದೆ ಕ್ಷಯದಿಂದ ತೀರಿಕೊಂಡರು. ಆ ವೇಳೆಗೆ ಔಷಧವಿತ್ತು. ಪೂರ್ವಜನ್ಮದ ಶಾಪವೆಂದು ನಂಬಿ, ಮನೆತನಕ್ಕೆ ಕಳಂಕವೆಂದು ಅಂಜಿ, ನಮ್ಮವರು ಮುಚ್ಚಿಟ್ಟರು. ಕೇಳಿದವರಿಗೆಲ್ಲ ಬರಿಯ ಕೆಮ್ಮೆಂದೆವು. ಆ ಸುಳ್ಳನ್ನು ಮೊಮ್ಮಗನವರೆಗೂ ತಂದಿದ್ದೆ. ಅಂದು ಅವನು ಆಟ ನಿಲ್ಲಿಸಿದ. ನಾನು ನಿಜ ಹೇಳಿದೆ.

ಶ್ರೋತೃಗಳೇ, ಇಂದು ಆರು ತಿಂಗಳು ಬಿಡದೆ ಔಷಧ ಸೇವಿಸಿದರೆ ಕ್ಷಯ ಸಾಮಾನ್ಯವಾಗಿ ಗುಣವಾಗುತ್ತದೆ. ಕೆಮ್ಮನ್ನು ಮುಚ್ಚಿಡುವವರು ಈಗಲೂ ಇದ್ದಾರೆ. ಅದಕ್ಕಾಗಿ ಇಷ್ಟು ಹೇಳಿದೆ.