ಊರ ಬಯಲಿನ ಕಾವಲು

ನವಲಗುಂದ, ಅಣ್ಣಿಗೇರಿಗಳ ಕರಿಮಣ್ಣಿನ ಸೀಮೆಯನ್ನು ಬಲ್ಲವರಿಗೆ ಅಲ್ಲಿಯ ಕೆರೆಗಳ ಮಹತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅನೇಕ ಊರುಗಳಲ್ಲಿ ಬಾವಿ ತೋಡಿದರೆ ಸಿಗುವುದು ಸವುಳು ನೀರು. ಕುಡಿಯುವುದಕ್ಕೆ ಕೆರೆಯೇ ಗತಿಯಾಗಿತ್ತು. ನಾನು ಬಾಲಕನಾಗಿದ್ದಾಗ ನಮ್ಮೂರ ಕೆರೆಗೆ ಪಾದರಕ್ಷೆ ಮೆಟ್ಟಿ ಇಳಿಯುವಂತಿರಲಿಲ್ಲ; ಅಲ್ಲಿ ಅರಿವೆ ಒಗೆಯುವಂತಿರಲಿಲ್ಲ, ದನಗಳ ಮೈ ತೊಳೆಯುವಂತಿರಲಿಲ್ಲ. ಕಾಯುವುದಕ್ಕೆ ಊರವರು ಒಬ್ಬನನ್ನು ನೇಮಿಸಿದ್ದರು. ಆದರೆ ನಿಜವಾದ ಕಾವಲುಗಾರರೆಂದರೆ ದಿನಬೆಳಗಾದರೆ ಕೊಡ ಹೊತ್ತು ಬರುತ್ತಿದ್ದ ನಮ್ಮ ತಾಯಂದಿರು. ಅವರ ಕಣ್ಣು ತಪ್ಪಿಸಿ ಒಂದು ಎಮ್ಮೆಯೂ ನೀರಿಗಿಳಿಯಲಾರದು.

ಅದೇ ಊರಿನ ಅಗಸಿಯ ಹೊರಗೆ ಒಂದು ಬಯಲಿತ್ತು. ಚಿಕ್ಕ ಮಕ್ಕಳಿಗೆ ಚಿಣಿಪಣಿ, ಹರೆಯದವರಿಗೆ ಹುತುತು, ಸುಗ್ಗಿ ತೀರಿದ ಮೇಲೆ ಊರಿಗೆಲ್ಲ ದೊಡ್ಡಾಟ. ಬಯಲಾಟವೆಂಬ ಹೆಸರೇ ಬಯಲಿನಿಂದ ಬಂದದ್ದಲ್ಲವೆ? ಆದರೂ ಕೆರೆಗಿದ್ದ ಕಣ್ಣು ಬಯಲಿಗಿರಲಿಲ್ಲ. ಮೊದಲು ಒಂದು ಬಣವೆ ಬಂದಿತು, ಆಮೇಲೆ ಇನ್ನೊಂದು, ಅವುಗಳ ಮಗ್ಗುಲಿಗೆ ತಿಪ್ಪೆ, ತಿಪ್ಪೆಯ ಆಚೆ ಮುಳ್ಳುಬೇಲಿ, ಬೇಲಿಯಿದ್ದಲ್ಲಿ ಗೋಡೆ. ನಾಚಿಕೆಯಿಂದಲೇ ಹೇಳುತ್ತೇನೆ, ಆ ಮೊದಲನೆಯ ಬಣವೆ ನಮ್ಮ ಮನೆಯದು. 'ಈ ಸುಗ್ಗಿಗೊಂದು ಸಲ' ಎಂದು ನಮ್ಮ ತಂದೆಯವರು ಒಟ್ಟಿಸಿದರು. ವರುಷ ವರುಷವೂ ಅದು ಅಲ್ಲಿಯೇ ಏಳುತ್ತ ಹೋಯಿತು. ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆ ಬಯಲಾಟದ ಪಾಠ ಹೇಳುತ್ತಿದ್ದ ನಾನು, ಊರಿಗೆ ಹೋದಾಗ ಆ ಬಣವೆಯ ನೆರಳಿನಲ್ಲಿ ಕುಳಿತು ಬಂದೆನೇ ಹೊರತು ಒಂದು ಮಾತನ್ನೂ ಆಡಲಿಲ್ಲ.

ಇದಕ್ಕೆ ಕಾನೂನಿಲ್ಲವೆ ಎಂದು ತಾವು ಕೇಳಬಹುದು. ಇದೆ. ಪಂಜಾಬದ ಪಟಿಯಾಲಾ ಜಿಲ್ಲೆಯ ರೋಹರ್ ಜಾಗೀರ್ ಎಂಬ ಹಳ್ಳಿಯಲ್ಲಿ ಊರ ಹೊಂಡವನ್ನು ತುಂಬಿ ಮನೆ ಕಟ್ಟಿದವರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2011ರ ಜನವರಿ 28ರಂದು ತೀರ್ಪು ಕೊಟ್ಟಿತು. ಬಹುಕಾಲದಿಂದ ಅನುಭವಿಸಿದ್ದೇವೆ, ಬಹಳ ಹಣ ಸುರಿದಿದ್ದೇವೆ ಎಂಬುದು ಅತಿಕ್ರಮಣಕ್ಕೆ ಸಮರ್ಥನೆಯಾಗದು. ಎಲ್ಲ ರಾಜ್ಯಗಳೂ ಹಳ್ಳಿಯ ಸಾರ್ವಜನಿಕ ಜಾಗಗಳನ್ನು ತೆರವುಗೊಳಿಸಿ ಊರಿಗೆ ಮರಳಿಸಬೇಕು ಎಂದಿತು. ಆದರೆ ಕೋರ್ಟಿನ ಕಣ್ಣು ಬೀಳುವುದು ಗೋಡೆ ಎದ್ದ ಮೇಲೆ. ಬಣವೆ ಒಟ್ಟಿದ ದಿನವೇ ನೋಡುವ ಕಣ್ಣು ಊರಿನದಾಗಿರಬೇಕು.

ಆದುದರಿಂದ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಬಯಲಿನ ಸರ್ವೆ ನಂಬರು, ಚಕ್ಕುಬಂದಿಗಳನ್ನು ಎಲ್ಲರೂ ಕೇಳುವಂತೆ ಓದಿ ಹೇಳಲಿ. ಗಡಿಗಲ್ಲುಗಳಿಗೆ ಸುಣ್ಣ ಬಳಿಯಲಿ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ದಿನವೂ ಮಕ್ಕಳು ಆಡಲಿ. ಬಳಕೆಗಿಂತ ದೊಡ್ಡ ಬೇಲಿಯಿಲ್ಲ. ಈಗ ಮನೆಮನೆಗೆ ನಳ ಬಂದಿದೆ, ಅದು ಬೇಕಾದದ್ದೇ. ಆದರೆ ಕೊಡ ಹೊತ್ತವರು ಬರುವುದು ನಿಂತ ಕೆರೆಗೂ ಬಯಲಿನ ಗತಿಯೇ ಬರಬಾರದಲ್ಲ!

ಕಳೆದ ಸುಗ್ಗಿಯಲ್ಲಿ ನಮ್ಮ ಬಣವೆಯನ್ನು ಹೊಲಕ್ಕೆ ಸಾಗಿಸಿದೆವು. ಅಷ್ಟರಿಂದಲೇ ಬಯಲು ತೆರವಾಗಲಿಲ್ಲ. ಆದರೆ ಎರಡನೆಯ ಬಣವೆಯವರ ಮನೆಗೆ ಹೋಗಿ ಮಾತನಾಡಲು ನನಗೆ ಈಗ ಬಾಯಿ ಬಂದಿದೆ.